ಹಿಟ್ಟಿನ ಮೇಲಿನ ಹೆಜ್ಜೆ

ಮಾವ ವಿರುಪಣ್ಣ ತೀರಿಕೊಂಡ ಮೂರನೆಯ ದಿನ ನಸುಕಿನಲ್ಲಿ ರೂಪಾ ಎದ್ದು ಪಡಸಾಲೆಗೆ ಬಂದಾಗ ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ. ಎರಡು ದಿನ ಅತ್ತು ದಣಿದ ಮಂದಿ ಸಿಕ್ಕಸಿಕ್ಕಲ್ಲಿ ಮಲಗಿದ್ದರು. ಅವನನ್ನು ಮಲಗಿಸಿದ್ದ ಜಾಗದಲ್ಲಿ ಹಣತೆಯೊಂದು ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿದ್ದರು. ಬುಟ್ಟಿಯ ಕೆಳಗೆ ಸಾಣಿಸಿದ ಜೋಳದ ಹಿಟ್ಟು ತೆಳ್ಳಗೆ ಹರಡಿತ್ತು.

ಹಿಂದಿನ ಸಂಜೆ ಆ ಹಿಟ್ಟು ಹರಡಿದವಳು ಓಣಿಯ ಹಿರಿಯಳಾದ ಮಾರೆವ್ವ. ಹೋದ ಜೀವ ಮನೆಬಿಟ್ಟು ಹೊರಡುವಾಗ ಹಿಟ್ಟಿನ ಮೇಲೆ ಗುರುತು ಬಿಡುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಹಕ್ಕಿಯ ಕಾಲು ಮೂಡಿದರೆ ಹಕ್ಕಿಯಾಗಿ, ಗೊರಸು ಮೂಡಿದರೆ ದನವಾಗಿ ಹುಟ್ಟುತ್ತದೆ. ಏನೂ ಮೂಡದಿದ್ದರೆ ಜೀವ ಇನ್ನೂ ಹೊಸ್ತಿಲು ದಾಟಿಲ್ಲ, ಯಾವುದೋ ಸಿಟ್ಟು ಹಿಡಿದುಕೊಂಡು ಮನೆಯಲ್ಲೇ ನಿಂತಿದೆ ಎಂದು ಅರ್ಥ.

ರೂಪಾ ಇಂಥದ್ದನ್ನೆಲ್ಲ ನಂಬುವವಳಲ್ಲ. ಅವಳು ಊರಿನ ಅಂಗನವಾಡಿ ಟೀಚರ್. ಮಗುವಿಗೆ ಬರೆ ಹಾಕಬೇಡಿರಿ, ಬಾಣಂತಿಗೆ ನೀರು ಕೊಡದೆ ಇರಬೇಡಿರಿ ಎಂದು ಮನೆಮನೆಗೆ ಹೇಳಿಕೊಂಡು ತಿರುಗುವವಳು. ಕಸ ಹೊಡೆಯುವ ಮೊದಲು ಒಮ್ಮೆ ನೋಡಿಬಿಡೋಣ ಎಂದಷ್ಟೇ ಬುಟ್ಟಿ ಎತ್ತಿದಳು.

ಹಿಟ್ಟು ಹರಡಿದಾಗ ಹೇಗಿತ್ತೋ ಹಾಗೇ ಇತ್ತು. ಒಂದು ಇರುವೆ ಹರಿದ ಗೆರೆಯೂ ಇರಲಿಲ್ಲ.

ಅವಳ ಕಣ್ಣು ತಾನಾಗಿ ಅತ್ತೆಯ ಕಡೆ ಹೋಯಿತು. ಕರಿಯವ್ವ ಗೋಡೆಗೆ ತಲೆ ಕೊಟ್ಟು ಕೂತಲ್ಲೇ ನಿದ್ದೆಹೋಗಿದ್ದಳು. ಗಂಡ ಹೋದಾಗಿನಿಂದ ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ. ಬಂದವರ ಮುಂದೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ಎಂಟು ದಿನ ಮಾತಾಡಿಸಿರಲಿಲ್ಲರಿ ನಾ. ಸಿಟ್ಟಾಗಿ ಹೋದ್ರು."

ಆ ಎಂಟು ದಿನದ ಮಾತು ಖರೆಯಾಗಿತ್ತು. ವಿರುಪಣ್ಣ ಮೂವತ್ತು ವರ್ಷ ಪಂಚಾಯಿತಿಯ ನೀರು ಬಿಡುವ ಕೆಲಸ ಮಾಡಿದವನು. ತಾವರಗೇರಾ ಹತ್ತಿರದ ಆ ಊರಿನಲ್ಲಿ ಯಾವ ಓಣಿಯ ಪೈಪು ಎಲ್ಲಿ ತಿರುಗುತ್ತದೆ ಎಂಬುದು ಅವನಿಗೆ ಮಾತ್ರ ಗೊತ್ತಿತ್ತು. ಕೆಲಸ ಬಿಟ್ಟ ಮೇಲೆಯೂ, ತನ್ನ ಜಾಗಕ್ಕೆ ಬಂದ ಯೂಸುಫನ ಜೊತೆ ದಿನಾ ಬೆಳಿಗ್ಗೆ ವಾಲ್ವಿನ ತನಕ ಹೋಗಿಬರುತ್ತಿದ್ದ. ಸಂಕ್ರಾಂತಿಗೆ ಮಗಳು ಕವಿತಾ ಕುಷ್ಟಗಿಯಿಂದ ತವರಿಗೆ ಬಂದಿದ್ದಳು. ಅವಳಿಗೆ ಎರಡು ಹೆಣ್ಣುಮಕ್ಕಳು, ಎರಡೂ ಹೊಟ್ಟೆ ಕೊಯ್ದು ಆದ ಹೆರಿಗೆ. ಮೂರನೆಯದು ಜೀವಕ್ಕೆ ಕಷ್ಟ, ಆಪರೇಷನ್ ಮಾಡಿಸಿಕೊಂಡುಬಿಡು ಎಂದು ಡಾಕ್ಟರಮ್ಮ ಹೇಳಿದ್ದರು. ಅತ್ತೆಮನೆಯವರಿಗೆ ಗಂಡು ಬೇಕಿತ್ತು. ಮಗಳ ಮಾನ ಅಲ್ಲಿ ಕಡಿಮೆಯಾದೀತೆಂಬ ಹೆದರಿಕೆಯಲ್ಲಿ ಕರಿಯವ್ವ, "ಇನ್ನೊಂದು ಸಲ ನೋಡ್ಲಿ" ಎಂದಳು.

ವಿರುಪಣ್ಣ ಉಣ್ಣುತ್ತಿದ್ದವನು ಕೈ ನಿಲ್ಲಿಸಿದ. "ಹೆಣ್ಣುಮಗಳ ಹೊಟ್ಟಿ ಏನ್ ಬೋರ್‌ವೆಲ್ಲೇನ, ನೀರು ಬೀಳೋತನಕ ಕೊರೀತಾ ಹೋಗಾಕ? ಇರೋ ಎರಡು ಸಾಕು. ನನಗ ನನ್ನ ಮಗಳು ಬೇಕು" ಎಂದ.

ಬೀಗರ ಮನೆಯಿಂದ ಬಂದಿದ್ದ ಹೆಂಗಸರ ಎದುರಿಗೇ ಆಡಿದ ಮಾತು. ಕರಿಯವ್ವನಿಗೆ ಅಪಮಾನವಾಯಿತು. ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಎಂಟನೆಯ ದಿನ ಬೆಳಿಗ್ಗೆ ವಿರುಪಣ್ಣ ನೀರು ಬಿಟ್ಟು ಬಂದು ಕಟ್ಟೆಯ ಮೇಲೆ ಕೂತ, ಎದೆ ಹಿಡಿದುಕೊಂಡ, ಅಲ್ಲೇ ಹೊರಳಿದ.

ಇದೆಲ್ಲ ರೂಪಾಗೆ ಗೊತ್ತಿತ್ತು. ಬಟಾಬಯಲಾಗಿದ್ದ ಆ ಹಿಟ್ಟನ್ನು ಅತ್ತೆ ಎದ್ದು ನೋಡಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅವಳು ಮುಂದೆ ಮಾಡಿದ ಕೆಲಸ ಒಂದು ನಿಮಿಷದ್ದೂ ಅಲ್ಲ. ಬಲಗೈ ಮುಷ್ಟಿ ಕಟ್ಟಿ, ಕಿರುಬೆರಳಿನ ಕಡೆಯ ಬದಿಯನ್ನು ಹಿಟ್ಟಿನ ಮೇಲೆ ಮೆಲ್ಲಗೆ ಒತ್ತಿದಳು. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟಳು. ಗೋಕುಲಾಷ್ಟಮಿ ಬಂತೆಂದರೆ ಅಂಗನವಾಡಿಯ ಬಾಗಿಲಿನಿಂದ ಒಳತನಕ ಹಿಟ್ಟಿನ ನೀರಿನಲ್ಲಿ ಕೃಷ್ಣನ ಹೆಜ್ಜೆ ಮೂಡಿಸಿ ಮಕ್ಕಳನ್ನು ನಗಿಸುವವಳು ಅವಳೇ. ಅವಳ ಕೈಗೆ ರೂಢಿಯಿದ್ದದ್ದು ಅದೊಂದೇ ಹೆಜ್ಜೆ. ಹಕ್ಕಿಯ ಕಾಲು ಬಿಡಿಸಲು ಅವಳಿಗೆ ಹೊಳೆಯಲೇ ಇಲ್ಲ.

ಬುಟ್ಟಿ ಮುಚ್ಚಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಹೋಗಿ ಅಂಗಳ ಗುಡಿಸಿದಳು.

ಬೆಳಗಾದ ಮೇಲೆ ಮಾರೆವ್ವ ಬಂದು ಬುಟ್ಟಿ ಎತ್ತಿದಳು. ಬಗ್ಗಿ ನೋಡಿದಳು, ಇನ್ನಷ್ಟು ಬಗ್ಗಿದಳು. "ಕರಿಯವ್ವ, ಬಾ ಇಲ್ಲಿ" ಎಂದಳು. "ಕೂಸಿನ ಹೆಜ್ಜಿ ಐತಿ ನೋಡು. ಒಳಮಕ ಆಗೇತಿ. ಹೊರಗ ಹೋಗಿಲ್ಲ, ಒಳಗ ಬಂದೈತಿ. ಇದಽ ಮನಿತನದಾಗ ಹುಟ್ಟಿ ಬರ್ತಾನ ನಿನ್ನ ಗಂಡ."

ಕರಿಯವ್ವ ಹಿಟ್ಟಿನ ಮುಂದೆ ಮಂಡಿಯೂರಿ ಕೂತಳು. ಮುಟ್ಟಲಿಲ್ಲ. ತುಂಬ ಹೊತ್ತು ನೋಡಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಸಿಟ್ಟಿಲ್ಲ ಹಂಗಾದ್ರ" ಎಂದಳು. ಆಮೇಲೆ ತಾನೇ ಎದ್ದು ಮುಖ ತೊಳೆದುಕೊಂಡಳು. ರೂಪಾ ತಟ್ಟೆಗೆ ಹಾಕಿಕೊಟ್ಟ ಅರ್ಧ ರೊಟ್ಟಿಯನ್ನು ಹಾಲಲ್ಲಿ ಕಲಸಿ ತಿಂದಳು. ರೂಪಾಗೆ ಹೊಟ್ಟೆ ತಣ್ಣಗಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೂ ಆಯಿತು.

ಮುಂದಿನ ತಿಂಗಳುಗಳಲ್ಲಿ ಕರಿಯವ್ವ ಬೇರೆಯೇ ಹೆಂಗಸಾದಳು. ಮೊದಲು ಮಾತುಮಾತಿಗೆ ಸಿಡುಕುತ್ತಿದ್ದವಳು ಈಗ ಸಂಜೆ ದೀಪ ಹಚ್ಚುವಾಗ ಗಂಡನ ಫೋಟೋದ ಮುಂದೆ ನಿಂತು ಒಂದೊಂದಾಗಿ ನೆನೆಯುತ್ತಿದ್ದಳು. ಮಗ ಗೋವಿಂದರಾಜನಿಗೆ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿದ್ದು, ಮನೆಗೆ ನಳ ಬಂದದ್ದು, ಸೊಸೆ ಛಲೋ ಸಿಕ್ಕಿದ್ದು. "ಇದೆಲ್ಲ ನೀವು ಮಾಡಿದ್ದು" ಎಂದು ಕೈಮುಗಿಯುತ್ತಿದ್ದಳು. ಓಣಿಯ ಹೆಂಗಸರು ಬಂದರೆ ಸೊಸೆಯ ಕೈ ಹಿಡಿದು, "ಮನಿಯಾಗ ಎಲ್ಲಾರಿಗಿಂತ ಮೊದಲು ಎದ್ದಾಕಿ ಇಕಿ. ಇಕಿ ಮನಿ ಹಿಂಗ ಇಟ್ಟಿದ್ದಕ್ಕ ಅವರು ಒಳಗ ಬಂದ್ರು" ಎನ್ನುತ್ತಿದ್ದಳು. ಆ ಕೈಯನ್ನು ಬಿಡಿಸಿಕೊಳ್ಳಬೇಕು ಎಂದು ರೂಪಾಗೆ ಪ್ರತಿಸಲ ಅನಿಸುತ್ತಿತ್ತು.

ರೂಪಾಗೆ ಮಾವನಿಗಾಗಿ ಅಳಲು ಆಗಲೇ ಇಲ್ಲ. ಅಂಗನವಾಡಿಯ ಕೆಲಸಕ್ಕೆ ಅರ್ಜಿ ಕರೆದಾಗ, ಸೊಸೆ ಹೊರಗೆ ದುಡಿಯುವುದು ಬೇಡವೆಂದು ಎಲ್ಲರೂ ಅಂದರೂ ತನ್ನ ಮೊಪೆಡ್ಡಿನ ಹಿಂದೆ ಅವಳನ್ನು ಕೂರಿಸಿಕೊಂಡು ಕುಷ್ಟಗಿಗೆ ಕರೆದೊಯ್ದವನು ಅವನು. ಮೂರು ಸಲ ಹೋಗಿದ್ದರು. ಮೂರನೆಯ ಸಲ ಬಿಸಿಲಲ್ಲಿ ನಿಂತು ಅವಳಿಗೆ ಕಬ್ಬಿನಹಾಲು ಕೊಡಿಸಿ ತಾನು ನೀರು ಕುಡಿದಿದ್ದ. ಅದನ್ನು ನೆನೆದು ಅಳಲು ಕೂತರೆ ಹಿಟ್ಟು ನೆನಪಾಗುತ್ತಿತ್ತು, ಅಳು ಅಲ್ಲಿಗೇ ನಿಲ್ಲುತ್ತಿತ್ತು.

ಜೂನ್‌ನಲ್ಲಿ ಕವಿತಾ ಬಂದಳು. ಅಣ್ಣನ ಹೆಂಡತಿಯನ್ನು ಅವಳು ಮೊದಲಿನಿಂದಲೂ ಅಕ್ಕ ಎಂದೇ ಕರೆಯುವುದು. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ರೂಪಾಳ ಪಕ್ಕ ಕೂತು, "ಯಕ್ಕಾ, ನನಗ ಮೂರು ತಿಂಗಳು" ಎಂದಳು.

ರೂಪಾ ಲಟ್ಟಣಿಗೆ ಕೆಳಗಿಟ್ಟಳು. "ಆಪರೇಷನ್ ಮಾಡಿಸ್ಕೊಂತೀನಿ ಅಂದಿದ್ದೆಲ್ಲ?"

"ಅದಕ್ಕ ದಿನಾನೂ ಗೊತ್ತು ಮಾಡಿದ್ವಿ. ಆದ್ರ ಹಿಟ್ಟಿನಾಗ ಹೆಜ್ಜಿ ಮೂಡಿದ್ದು ಅವ್ವ ಹೇಳಿದ್ಲಲ್ಲ. ನಿನಗಂತೂ ಮಕ್ಕಳಾದ ಮ್ಯಾಲೆ ಆಪರೇಷನ್ ಆಗೇತಿ. ಈ ಮನಿತನದಾಗ ಇನ್ನ ಹಡಿಯಾಕಿ ಅಂದ್ರ ನಾ ಒಬ್ಬಾಕಿ. ಅಪ್ಪ ಬರಾಕ ಕುಂತಾನ, ನಾ ಬಾಗಲಾ ಹಾಕ್ಲೇನು?"

ಒಲೆಯ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ರೂಪಾ ಅದನ್ನು ತಿರುವಿ ಹಾಕಿದಳು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಮಾವ ಸಾಕು ಎಂದಿದ್ದ. ಅವನ ಬಾಯಲ್ಲಿ ಬೇಕು ಎಂದು ಹೇಳಿಸಿದವಳು ತಾನು. ಬಾಯಿ ತೆರೆದಳು. ಅಷ್ಟರಲ್ಲಿ ಕರಿಯವ್ವ ಒಳಗೆ ಬಂದು ಮಗಳ ತಲೆ ಸವರಿ, ರೂಪಾಳ ತಲೆಯನ್ನೂ ಸವರಿದಳು. ರೂಪಾ ಬಾಯಿ ಮುಚ್ಚಿಕೊಂಡಳು. ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಕವಿತಾ ಕುಷ್ಟಗಿಗೆ ಹೋದಳು.

ಅದಾದ ಮೇಲೆ ರೂಪಾ ಮಾಡಿದ್ದೆಲ್ಲ ಹೇಳದೆ ಇದ್ದುದನ್ನು ಮುಚ್ಚುವ ಕೆಲಸ. ವಾರಕ್ಕೊಮ್ಮೆ ಬಸ್ಸು ಹತ್ತಿ ಕುಷ್ಟಗಿಗೆ ಹೋಗುತ್ತಿದ್ದಳು. ಮೊಟ್ಟೆ, ಶೇಂಗಾ ಉಂಡೆ, ಕಬ್ಬಿಣದ ಗುಳಿಗೆ ಒಯ್ಯುತ್ತಿದ್ದಳು. ತಾಯಿ ಕಾರ್ಡು ತಾನೇ ಹಿಡಿದುಕೊಂಡು ಕವಿತಾಳನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಕವಿತಾಳ ಗಂಡ ಪ್ರವೀಣಕುಮಾರ ಮೋಟರ್ ವೈಂಡಿಂಗ್ ಅಂಗಡಿಯವನು, ಹೆಚ್ಚು ಮಾತಿನವನಲ್ಲ. ಅವನೂ ಒಂದು ದಿನ, "ಒಡಹುಟ್ಟಿದಾಕಿನೂ ಇಷ್ಟು ಮಾಡಲ್ರಿ" ಎಂದ. ರೂಪಾ ಗುಳಿಗೆ ಎಣಿಸಿ ಇಟ್ಟು ಎದ್ದಳು. ಆ ವರ್ಷದ ಗೋಕುಲಾಷ್ಟಮಿಗೆ ಅಂಗನವಾಡಿಯಲ್ಲಿ ಹೆಜ್ಜೆ ಮೂಡಿಸಲಿಲ್ಲ. ಮಕ್ಕಳು ಕೇಳಿದರೆ ಹಿಟ್ಟು ಮುಗಿದಿದೆ ಎಂದಳು. ಡಬ್ಬಿಯಲ್ಲಿ ಹಿಟ್ಟು ಇತ್ತು.

ಏಳನೆಯ ತಿಂಗಳಿಗೆ ಕವಿತಾ ತವರಿಗೆ ಬಂದು ಐದು ದಿನವಾಗಿತ್ತು. ಮುಂಜಾನೆ ಬಟ್ಟೆ ಒಣಹಾಕುತ್ತಿದ್ದವಳು ಹಗ್ಗ ಹಿಡಿದುಕೊಂಡು, "ಯಕ್ಕಾ" ಎಂದು ಕೂಗಿದಳು. ಕಾಲಗುಂಟ ರಕ್ತ ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ಆಂಬ್ಯುಲೆನ್ಸಿನಲ್ಲಿ ಕುಷ್ಟಗಿಗೆ ಒಯ್ದರು. ಅಲ್ಲಿ ನೋಡಿ ತಡಮಾಡದೆ ಕೊಪ್ಪಳಕ್ಕೆ ಕಳಿಸಿದರು. ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರೂಪಾಳನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದರು. ಕೂಸಿನ ಮಾಸು ಹಳೆಯ ಹೊಲಿಗೆಯ ಗಾಯಕ್ಕೆ ಅಂಟಿಕೊಂಡಿದೆ, ಕೂಸನ್ನು ಈಗಲೇ ತೆಗೆಯಬೇಕು, ಗರ್ಭಕೋಶವನ್ನೂ ತೆಗೆಯಬೇಕಾದೀತು, ರಕ್ತ ಬಹಳ ಬೇಕು, ತಾಯಿಯ ಬಗ್ಗೆ ಈಗ ಏನೂ ಹೇಳಲಾಗದು.

ಗೋವಿಂದರಾಜ, ಪ್ರವೀಣಕುಮಾರ ಇಬ್ಬರೂ ರಕ್ತಕ್ಕಾಗಿ ಓಡಿದರು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಅತ್ತೆ, ಸೊಸೆ ಇಬ್ಬರೇ ಉಳಿದರು. ಮಧ್ಯಾಹ್ನದ ಹೊತ್ತಿಗೆ ಯೂಸುಫ ಊರಿನಿಂದ ಇನ್ನಿಬ್ಬರನ್ನು ಬೈಕಿನ ಮೇಲೆ ಕರೆದುಕೊಂಡು ಬಂದ. "ವಿರುಪಣ್ಣ ಕಾಕಾನ ಮಗಳಿಗೆ ರಕ್ತ ಬೇಕಂತ ಗೊತ್ತಾತು, ಬಂದ್ವಿ" ಎಂದಷ್ಟೇ ಹೇಳಿ ರಕ್ತ ಕೊಡುವ ಕೋಣೆ ಕೇಳಿಕೊಂಡು ಹೋದ.

ಕರಿಯವ್ವ ನಕ್ಕಳು. ರೂಪಾಗೆ ಅದನ್ನು ನೋಡಲಾಗಲಿಲ್ಲ. "ನೋಡಿದೇನ? ಅವರಽ ಕಳಿಸ್ಯಾರ" ಎಂದಳು ಕರಿಯವ್ವ. "ಕವಿತಾಗ ಏನೂ ಆಗಂಗಿಲ್ಲ. ತಾವಽ ಹುಟ್ಟಿ ಬರೋವ್ರು ಹಡಿಯಾಕಿನ್ನ ಕೊಲ್ತಾರೇನ? ನೀ ಯಾಕ ಅಳಾಕತ್ತಿ? ರೊಟ್ಟಿ ತಂದೀನಿ, ಎರಡು ತುತ್ತು ತಿನ್ನು."

ಗಂಟು ಬಿಚ್ಚಿ ರೊಟ್ಟಿ ಮುರಿದು ಸೊಸೆಯ ಮುಂದೆ ಹಿಡಿದಳು. ಆ ರೊಟ್ಟಿಯ ತುಂಡು ನೋಡುತ್ತ ರೂಪಾ ಹೇಳಿಬಿಟ್ಟಳು.

"ಅತ್ತಿ, ಹೆಜ್ಜಿ ಮೂಡಿರಲಿಲ್ರಿ. ನಾ ಮಾಡಿದ್ದು."

ಕರಿಯವ್ವನಿಗೆ ಮೊದಲು ತಿಳಿಯಲಿಲ್ಲ. "ಯಾವ ಹೆಜ್ಜಿ?"

"ಮಾವನ ಹಿಟ್ಟಿನ ಮ್ಯಾಲಿಂದು. ನಾ ನಸಿಕಿನಾಗ ಎದ್ದು ನೋಡ್ದೆ. ಏನೂ ಇರಲಿಲ್ಲ. ನೀವು ಉಂಡಿರಲಿಲ್ಲ, ಹೆದರಿಕಿ ಆತು. ನನ್ನ ಕೈಲೆ ಒತ್ತಿದೆ."

ಕರಿಯವ್ವ ರೊಟ್ಟಿಯ ತುಂಡನ್ನು ಕೆಳಗಿಡಲಿಲ್ಲ, ತಿನ್ನಲೂ ಇಲ್ಲ. ಸುಮ್ಮನೆ ಹಿಡಿದುಕೊಂಡಿದ್ದಳು. ಒಬ್ಬ ಆಯಾ ಬಕೆಟ್ಟು ಹಿಡಿದು ಅವರ ಕಾಲು ಸರಿಸಿ ನೆಲ ಒರೆಸಿಕೊಂಡು ಹೋದಳು. ಆಮೇಲೆ ಕರಿಯವ್ವ ರೊಟ್ಟಿಯನ್ನೆಲ್ಲ ಎತ್ತಿ ಮಡಿಲಿಗೆ ಹಾಕಿಕೊಂಡು, ಬರಿದಾದ ಬಟ್ಟೆಯನ್ನು ಬೆಂಚಿನ ಮೇಲೆ ಹಾಸಿದಳು. ರೊಟ್ಟಿಯಿಂದ ಉದುರಿದ ಒಣಹಿಟ್ಟು ಬಟ್ಟೆಯ ನಡುವೆ ತೆಳ್ಳಗೆ ಇತ್ತು. "ಮಾಡಿ ತೋರ್ಸು" ಎಂದಳು.

"ಅತ್ತಿ, ಬ್ಯಾಡ್ರಿ."

"ತೋರ್ಸು."

ರೂಪಾ ಮುಷ್ಟಿ ಕಟ್ಟಿ ಒತ್ತಿದಳು. ಐದು ಚುಕ್ಕೆ ಇಟ್ಟಳು. ಒಂದು ಚುಕ್ಕೆ ಪಕ್ಕಕ್ಕೆ ಬಿತ್ತು. ಆದರೂ ಕೂಸಿನ ಹೆಜ್ಜೆಯೇ. ಕರಿಯವ್ವ ಅದನ್ನು ನೋಡಿ, ಬಟ್ಟೆಯ ನಾಲ್ಕೂ ತುದಿ ಹಿಡಿದು ಎದ್ದು, ಕಿಟಕಿಯ ಹತ್ತಿರ ಹೋಗಿ ಹೊರಗೆ ಝಾಡಿಸಿದಳು. ತಿರುಗಿ ಬಂದು ಕೂತಾಗ ಅವಳ ಮುಖ ಗಂಡ ಸತ್ತ ದಿನದ ಮುಖವಾಗಿತ್ತು.

"ಹಂಗಾದ್ರ ಅವರು ಏನೂ ಹೇಳ್ಲಿಲ್ಲ" ಎಂದಳು.

ರೂಪಾ ಹೌದೆಂದು ತಲೆಯಾಡಿಸಿದಳು.

"ಸಿಟ್ಟಾಗೇ ಹೋದ್ರು."

"ಇಲ್ರಿ ಅತ್ತಿ" ಎಂದಳು ರೂಪಾ. "ನೀವು ಮಾತು ಬಿಟ್ಟ ಮ್ಯಾಲೆ ದಿನಾ ಮುಂಜಾನೆ ವಾಲ್ವಿಗೆ ಹೋಗೋ ಮೊದಲು ಅಡಿಗಿಮನಿ ಬಾಗಲಕ ಬಂದು ನಿಂದರತಿದ್ರು. 'ನಿಮ್ಮತ್ತಿ ಚಾ ಕುಡದ್ಲೇನವಾ?' ಅಂತ ಕೇಳತಿದ್ರು. ಕುಡದ್ರು ಅಂದ್ರ ತಾವು ಕುಡೀತಿದ್ರು. ಕಡೀ ದಿನಾನೂ ಕೇಳಿದ್ರು. ಇದು ಹೇಳೋವಂಥ ಮಾತು ಅಂತ ನನಗ ಅನಿಸಲಽ ಇಲ್ರಿ."

ಕರಿಯವ್ವ ಸೊಸೆಯನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ರೂಪಾ ತಡೆದುಕೊಳ್ಳುತ್ತಿದ್ದಳೇನೋ. ಅದು ಪೇಟೆಯಲ್ಲಿ ಹೊಸ ವ್ಯಾಪಾರಿಯ ತಕ್ಕಡಿ ನೋಡುವ ನೋಟವಾಗಿತ್ತು.

"ಇದನ್ನೂ ನೀನಽ ಮಾಡೀಯೇನು?" ಎಂದು ಕೇಳಿದಳು.

"ಇಲ್ರಿ. ಇದು ಖರೇನ."

"ಅದೂ ಖರೆ ಅಂತಽ ನಂಬಿದ್ದೆ."

ಮಾವ ಬಾಗಿಲಲ್ಲಿ ನಿಂತದ್ದನ್ನು ಬೇರೆ ಯಾರೂ ನೋಡಿರಲಿಲ್ಲ. ರೂಪಾಳ ಹತ್ತಿರ ಇದ್ದ ಒಂದೇ ಒಂದು ನಿಜವಾದ ಮಾತನ್ನು ಅವಳ ಕೈಯೇ ಕೆಡಿಸಿತ್ತು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಮಾವನಿಗಾಗಿ ಅತ್ತಳು. ಪಕ್ಕದಲ್ಲಿ ಕೂತ ಕರಿಯವ್ವ ಅವಳನ್ನು ಸಮಾಧಾನ ಮಾಡಲಿಲ್ಲ, ಎದ್ದು ದೂರವೂ ಹೋಗಲಿಲ್ಲ.

ಮೂರು ಗಂಟೆಯ ಹೊತ್ತಿಗೆ ನರ್ಸು ಹೊರಗೆ ಬಂದು ಹೆಣ್ಣು ಕೂಸು ಎಂದಳು. ಒಂದು ಕಿಲೋ ಮುನ್ನೂರು ಗ್ರಾಂ, ಉಸಿರಾಟ ಸಣ್ಣಗಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ತಾಯಿಯ ಆಪರೇಷನ್ ಇನ್ನೂ ನಡೆದಿದೆ. ಕರಿಯವ್ವ, "ಕೂಸು ಯಾವುದಾದ್ರೂ ಇರ್ಲೆವಾ, ನನ್ನ ಮಗಳು ಹೆಂಗದಾಳ ಹೇಳು" ಎಂದಳು. ನರ್ಸು ಗೊತ್ತಿಲ್ಲ ಎಂದು ಒಳಗೆ ಹೋದಳು. ಸಂಜೆ ದೀಪ ಹಾಕುವ ಹೊತ್ತಿಗೆ ಡಾಕ್ಟರಮ್ಮ ಬಂದು, ಗರ್ಭಕೋಶ ತೆಗೆದಿದ್ದೇವೆ, ರಕ್ತ ನಿಂತಿದೆ, ಬದುಕುತ್ತಾಳೆ ಎಂದರು. ಪ್ರವೀಣಕುಮಾರ ಕಂಬಕ್ಕೆ ಹಣೆ ಹಚ್ಚಿ ನಿಂತ. ಯೂಸುಫ ಗೇಟಿನ ಹತ್ತಿರ ಚಹಾ ಕುಡಿಯುತ್ತಿದ್ದ. ಕರಿಯವ್ವ ಅಲ್ಲಿಯತನಕ ನಡೆದುಹೋಗಿ ಅವನ ಮುಂದೆ ಕೈಮುಗಿದಳು. "ನೀ ಬಂದಿದ್ದಕ್ಕ ನನ್ನ ಮಗಳು ಉಳದ್ಲಪಾ" ಎಂದಳು. ಯಾರು ಕಳಿಸಿದರು ಎಂಬ ಮಾತು ಎತ್ತಲಿಲ್ಲ.

ಕವಿತಾಗೆ ಮಾತಾಡುವಷ್ಟು ಶಕ್ತಿ ಬಂದದ್ದು ಎಂಟು ದಿನಕ್ಕೆ. ಅತ್ತೆ ಹೇಳುತ್ತಾಳೆಯೇ ಎಂದು ರೂಪಾ ಕಾದಳು. ಕರಿಯವ್ವ ಯಾರಿಗೂ ಹೇಳಿರಲಿಲ್ಲ. "ನೀ ಮಾಡಿದ್ದು, ನೀನಽ ಹೇಳು" ಎಂದಷ್ಟೇ ಅಂದಳು. ವಾರ್ಡಿನಲ್ಲಿ ಮಂಚದ ಅಂಚಿಗೆ ಕೂತು, ಕವಿತಾಳ ಕಾಲಿನ ಹೊದಿಕೆ ಸರಿಮಾಡುತ್ತ, ತಲೆ ತಗ್ಗಿಸಿ ರೂಪಾ ಎಲ್ಲ ಹೇಳಿದಳು.

ಕವಿತಾ ಚಾವಣಿ ನೋಡುತ್ತ ಕೇಳಿಸಿಕೊಂಡಳು. "ಅಪ್ಪ ಸಾಕು ಅಂದಿದ್ದ" ಎಂದಳು.

"ಹೌದು."

"ಗಂಡು ಬೇಕು ಅಂತ ನನಗೂ ಆಸೆ ಇತ್ತು. ಅದಕ್ಕಽ ಲಗೂನ ನಂಬಿದೆ. ಅದು ನನ್ನ ತಪ್ಪು, ಇರ್ಲಿ. ಆದ್ರ ನಾ ಬಂದು ಹೇಳಿದಾಗ ಬರೇ ಮೂರು ತಿಂಗಳು. ಒಲಿ ಮುಂದ ಕುಂತಿದ್ವಿ, ಇಬ್ಬರಽ ಇದ್ವಿ. ಆವಾಗ ಯಾಕ ಹೇಳ್ಲಿಲ್ಲ?"

"ಹೆದರಿದ್ದೆ."

"ಯಾರಿಗೆ?"

ಈ ಪ್ರಶ್ನೆಗೆ ಉತ್ತರ ರೂಪಾಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. "ಎಲ್ಲಾರೂ ನನ್ನ ಛಲೋ ಸೊಸಿ ಅನ್ನಾಕತ್ತಿದ್ರು. ಅದು ಹೋಗತೈತಿ ಅಂತ."

ಕವಿತಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಗೋಡೆ ನೋಡುತ್ತಲೇ, "ನನಗ ಮೊಟ್ಟಿ ತಂದು ತಿನಿಸಿದ್ಯಲ್ಲ, ಅದು ಮನಸಿನಿಂದ ತಿನಿಸಿದ್ದೋ, ಇದಕ್ಕೋ?" ಎಂದು ಕೇಳಿದಳು. ರೂಪಾ, "ಗೊತ್ತಿಲ್ಲ" ಎಂದಳು. ಅದು ನಿಜವೇ ಆಗಿತ್ತು. "ಇವತ್ತ ಹೋಗ್ರಿ ನೀವು" ಎಂದಳು ಕವಿತಾ. ಅವಳು ರೂಪಾಗೆ ಬಹುವಚನ ಹಾಕಿದ್ದು ಅದೇ ಮೊದಲು.

ಕೂಸು ನಲವತ್ತು ದಿನ ಆಸ್ಪತ್ರೆಯಲ್ಲಿತ್ತು. ರೂಪಾ ದಿನ ಬಿಟ್ಟು ದಿನ ಊಟ ಕಟ್ಟಿಕೊಂಡು ಹೋಗಿ ಗೇಟಿನ ಹತ್ತಿರ ಗಂಡನ ಕೈಗೆ ಕೊಟ್ಟು ಬರುತ್ತಿದ್ದಳು. ಮೇಲೆ ಹೋಗುತ್ತಿರಲಿಲ್ಲ. ಗೋವಿಂದರಾಜನಿಗೂ ಅಷ್ಟರಲ್ಲಿ ಗೊತ್ತಾಗಿತ್ತು. ಅವನು ಬೈಯಲಿಲ್ಲ. ಒಂದು ದಿನ ಡಬ್ಬಿ ಇಸಿದುಕೊಳ್ಳುತ್ತ, "ನನಗರೆ ಹೇಳಬೇಕಿತ್ತು" ಎಂದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಅಂಗನವಾಡಿಯಲ್ಲಿ ತಾಯಂದಿರ ಸಭೆ ಮಾಡಿ ಮಾತಾಡಲು ನಿಂತರೆ ಅರ್ಧಕ್ಕೇ ಮುಗಿಸಿ ಕೂತುಬಿಡುತ್ತಿದ್ದಳು. ಮಾರೆವ್ವ ದಾರಿಯಲ್ಲಿ ತಡೆದು, "ಹೆಜ್ಜಿ ಸುಳ್ಳಾಗಲಿಲ್ಲ ನೋಡು, ಕೂಸು ಬಂತು. ಹೆಣ್ಣಾದ್ರೇನು" ಎಂದಾಗ, ರೂಪಾ ಅಲ್ಲೇ ನಿಂತು, "ಮಾರೆವ್ವ, ಅದು ನಾ ಮಾಡಿದ ಹೆಜ್ಜಿ" ಎಂದಳು. ಮಾರೆವ್ವ ನಂಬಲಿಲ್ಲ. ಕರಿಯವ್ವನ ಸೊಸೆಗೆ ಬಾಣಂತನದ ಓಡಾಟದಲ್ಲಿ ತಲೆ ಕೆಟ್ಟಿದೆ ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು.

ಮನೆಯಲ್ಲಿ ಕರಿಯವ್ವ ಮಾತು ಬಿಡಲಿಲ್ಲ. ಬೇಕಾದಷ್ಟು ಮಾತ್ರ ಆಡುತ್ತಿದ್ದಳು. ಒಂದು ಮುಂಜಾನೆ ಯಾರಿಗೂ ಹೇಳದೆ ಊರ ಹೊರಗಿನ ವಾಲ್ವಿನ ತನಕ ನಡೆದುಹೋಗಿದ್ದಳು. ತಿರುಗಿ ಬಂದವಳು ಕಾಲು ತೊಳೆದು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತಳು.

"ಯೂಸುಫನ್ನ ಕೇಳಿದೆ" ಎಂದಳು. "ಕಡೀ ದಿನ ಏನರೆ ಅಂದ್ರೇನು ಅಂತ. ನನ್ನ ಮಾತು ಏನೂ ತೆಗೀಲಿಲ್ಲಂತ. ವಾಲ್ವಿನ ವಾಷರ್ ಹೋಗೇತಿ, ಬದಲ್ ಮಾಡು ಅಂದ್ರಂತ."

ರೂಪಾ ಪಾತ್ರೆ ತಿಕ್ಕುವುದು ನಿಲ್ಲಿಸಿದಳು.

"ಆದ್ರ ಆ ಎಂಟೂ ದಿನ ತಡಾಗಿ ಬಂದಿದ್ರಂತ. 'ಯಾಕ ಕಾಕಾ, ತಡಾ?' ಅಂದ್ರ, 'ಮನಿಯಾಗ ಚಾ ತಡಾಗತೈತಿ' ಅಂತಿದ್ರಂತ." ಕರಿಯವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಸಿಟ್ಟಿಲೆ ತಡಾ ಮಾಡಿ ಕುಡೀತಿದ್ದೆ ಆ ದಿನ. ಅದು ನನಗ ನೆನಪೈತಿ. ನೀ ಹೇಳಿದ್ದು ಖರೆ ಇರಬೇಕು."

"ಖರೇನ ಐತ್ರಿ" ಎಂದಳು ರೂಪಾ.

"ಇರಬೇಕು ಅಂದೆ" ಎಂದಳು ಕರಿಯವ್ವ. ಗೋಡೆ ಹಿಡಿದು ಎದ್ದು, ಫೋಟೋದ ಮುಂದೆ ಹೋಗಿ ನಿಂತಳು. ಆ ದಿನ ಅವಳು ಏನು ನೆನೆದಳೋ, ಬಾಯಿಬಿಟ್ಟು ಹೇಳಲಿಲ್ಲ. ಮಧ್ಯಾಹ್ನ ಮಾತ್ರ ಮೂರು ರೊಟ್ಟಿ ಉಂಡಳು.

ಕವಿತಾ ಬಾಣಂತನಕ್ಕೆ ತವರಿಗೇ ಬಂದಳು. ಅತ್ತೆಮನೆಯವರು ಒಂದು ಸಲ ಬಂದು ಕೂಸು ನೋಡಿಕೊಂಡು ಹೋದರು, ಹೆಚ್ಚು ಹೊತ್ತು ಕೂರಲಿಲ್ಲ. ಪ್ರವೀಣಕುಮಾರ ಮಾತ್ರ ಪ್ರತಿ ರವಿವಾರ ದೊಡ್ಡ ಮಕ್ಕಳಿಬ್ಬರನ್ನೂ ಕರೆತಂದು ಸಂಜೆಯತನಕ ಇದ್ದು ಹೋಗುತ್ತಿದ್ದ. ಒಂದೇ ಮನೆಯಲ್ಲಿದ್ದರೂ ಕವಿತಾ ರೂಪಾಳನ್ನು ಟೀಚರ್ ಎನ್ನುತ್ತಿದ್ದಳು. "ಟೀಚರ್, ಬಿಸಿನೀರು ಆಗ್ಯಾವೇನ್ರಿ?" ಎನ್ನುವಳು. ಊರವರೆಲ್ಲ ಕರೆಯುವ ಹೆಸರೇ ಅದು. ಅವಳ ಬಾಯಲ್ಲಿ ಕೇಳಿದರೆ ರೂಪಾಗೆ ಕಿವಿ ಸುಡುತ್ತಿತ್ತು. ಅದಕ್ಕೆ ಏನೂ ಅನ್ನುವ ಹಕ್ಕು ತನಗಿಲ್ಲವೆಂದು ನೀರು ತೋಡಿಕೊಡುತ್ತಿದ್ದಳು.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೂಸುಗಳನ್ನು ತೂಗುವ ದಿನ. ಫೆಬ್ರವರಿಯಲ್ಲಿ ಕವಿತಾ ಎಲ್ಲರ ಹಾಗೆ ಸಾಲಿನಲ್ಲಿ ಕೂತು, ತನ್ನ ಸರದಿ ಬಂದಾಗ ಕೂಸನ್ನು ತಂದು ತಕ್ಕಡಿಯಲ್ಲಿ ಮಲಗಿಸಿದಳು. ಕೂಸು ಕೈಕಾಲು ಬಡಿಯುತ್ತಿತ್ತು. ಮುಳ್ಳು ನಿಲ್ಲುವತನಕ ಇಬ್ಬರೂ ಬಗ್ಗಿ ನೋಡಿದರು.

"ಮೂರು ಕಿಲೋ ಒಂಬೈನೂರು" ಎಂದಳು ರೂಪಾ.

"ಹ್ವಾದ ತಿಂಗಳಕಿಂತ ಛಲೋ ಐತಲ್ರಿ?"

"ಭಾಳ ಛಲೋ ಐತಿ. ಏಳುನೂರು ಏರೇತಿ."

ಕವಿತಾ ಕಾರ್ಡು ನೋಡಿದಳು, ಮತ್ತೆ ಮಡಚಿ ಚೀಲದಲ್ಲಿ ಇಟ್ಟಳು. ಹೊರಗೆ ಬಿಸಿಲು ಏರಿತ್ತು. "ನೀರು ಕುಡದು ಬರ್ತೀನಿ" ಎಂದು, ಕೂಸನ್ನು ಎತ್ತಿ ಒಂದು ಗಳಿಗೆ ತಡೆದು, ರೂಪಾಳ ಮಡಿಲಿಗೆ ಹಾಕಿ ಅಂಗಳದ ನಳದ ಕಡೆ ಹೋದಳು. ಸಾಲಿನಲ್ಲಿ ಇನ್ನೂ ಆರು ಮಂದಿ ತಾಯಂದಿರು ಕಾಯುತ್ತಿದ್ದರು. ರೂಪಾ ಕೂಸಿನ ಟೊಪ್ಪಿಗೆ ಸರಿಮಾಡಿ, ಎಡಗೈಯಲ್ಲಿ ಅದನ್ನು ಅವುಚಿಕೊಂಡು, ಬಲಗೈಯಿಂದ ಮುಂದಿನವರನ್ನು ಕರೆದಳು.